ಕ್ಯೂ-ಸ್ವಿಚ್ಚಿನ ಕೋನ ಸರಿಪಡಿಸಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್‌ನಲ್ಲಿರುವ ನಮ್ಮ ಶಾಪ್‌ಗೆ ಹೈಡ್ರಾಲಿಕ್ ವಾಲ್ವುಗಳೂ ಪಂಪಿನ ಶಾಫ್ಟುಗಳೂ ನಂಬರ್ ಹಾಕಿಸಿಕೊಳ್ಳಲು ಬರುತ್ತವೆ. ಆ ಕೆಲಸಕ್ಕೆಂದು ನಾನು ಕೊಂಡದ್ದು ಕ್ರಿಪ್ಟಾನ್ ದೀಪದಿಂದ ನಡೆಯುವ ಎನ್‌ಡಿ-ಯಾಗ್ ಎಂಬ ಹರಳಿನ ಹಳೆಯ ಲೇಸರ್ ಯಂತ್ರ. ಕಳೆದ ಬೇಸಿಗೆಯಲ್ಲಿ ಅದರ ಬರಹ ಕೆಟ್ಟಿತು. ಕರೆಂಟ್ ಏರಿಸಿದರೂ ಅಕ್ಷರ ಆಳವಾಗಲಿಲ್ಲ. ಅಷ್ಟೇ ಅಲ್ಲ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಕಿರಣ ಸರಿಯುವ ಖಾಲಿ ಜಾಗದಲ್ಲಿ ತೆಳುವಾದ ಸುಟ್ಟ ಗೆರೆ ಮೂಡತೊಡಗಿತು. ದೀಪ ಹಳತಾಗಿದೆ ಎಂದುಕೊಂಡು ಹೊಸದನ್ನು ಹಾಕಿದೆ. ಗೆರೆ ಇನ್ನಷ್ಟು ಕಪ್ಪಾಯಿತು. ದೋಷ ದೀಪದ್ದಲ್ಲ, ಧ್ವನಿಯ ಅಲೆಯಿಂದ ಬೆಳಕನ್ನು ತಡೆಹಿಡಿಯುವ ಕ್ಯೂ-ಸ್ವಿಚ್ಚಿನದು ಎಂಬುದು ಆಗ ಖಚಿತವಾಯಿತು.

"ಸರ, ಆವಾಜ ಬೆಳಕನ್ನ ಹ್ಯಾಂಗ ತಡೀತೈತ್ರಿ?" ಎಂದು ನಮ್ಮ ಹುಡುಗ ಕೇಳಿದ. ನಿಜ ಹೇಳಬೇಕೆಂದರೆ ಅದು ತಡೆಯುವುದಿಲ್ಲ, ತುಸು ತಿರುಗಿಸುತ್ತದೆ. ಬೆಳಕು ಹಿಂದೆ ಮುಂದೆ ಓಡಾಡಿ ಬಲಗೊಳ್ಳುವ ಲೇಸರ್‌ನ ಎರಡು ಕನ್ನಡಿಗಳ ನಡುವೆ ಫ್ಯೂಸ್ಡ್ ಸಿಲಿಕಾ ಎಂಬ ಗಾಜಿನ ಒಂದು ತುಂಡು ಇರುತ್ತದೆ. ಅದಕ್ಕೆ ಅಂಟಿಸಿದ, ವಿದ್ಯುತ್ತನ್ನು ಕಂಪನವಾಗಿಸುವ ಟ್ರಾನ್ಸ್‌ಡ್ಯೂಸರ್ 27.12 ಮೆಗಾಹರ್ಟ್ಸ್ ಆವರ್ತನದಲ್ಲಿ ಕಂಪಿಸಿದಾಗ, ಗಾಜಿನೊಳಗೆ ಸೆಕೆಂಡಿಗೆ ಸುಮಾರು 5,960 ಮೀಟರ್ ವೇಗದಲ್ಲಿ ಧ್ವನಿ ಸಾಗುತ್ತ, ಸುಮಾರು 0.22 ಮಿಲಿಮೀಟರ್‌ಗೆ ಒಂದರಂತೆ ಒತ್ತಿದ ಮತ್ತು ಸಡಿಲಾದ ಪದರಗಳನ್ನು ಉಂಟುಮಾಡುತ್ತದೆ. ಒತ್ತಿದಲ್ಲಿ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಗ್ಗಿಸುವ ಗುಣ, ಹೆಚ್ಚು, ಸಡಿಲಾದಲ್ಲಿ ಕಡಿಮೆ. ಹೀಗಾಗಿ ಇಡೀ ಗಾಜು ಬೆಳಕಿಗೆ ಒಂದು ಜಾಲರಿಯಾಗುತ್ತದೆ. ಧ್ವನಿಯ ಜಾಲರಿಯಿಂದ ಬೆಳಕು ತಿರುಗುವ ಇಂಥ ವಿವರ್ತನೆಯ ಗಣಿತವನ್ನು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಅವರು 1935-36ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡಿಸಿಟ್ಟರು ಎಂಬುದನ್ನು ಆ ಹುಡುಗನಿಗೆ ಹೇಳುವಾಗ ನನಗೆ ಬಹಳ ಹೆಮ್ಮೆಯೆನಿಸಿತು.

1,064 ನ್ಯಾನೋಮೀಟರ್ ಕಿರಣ ಈ ಜಾಲರಿಯಿಂದ ತಿರುಗುವುದು ಕೇವಲ 0.28 ಡಿಗ್ರಿ. ಕನ್ನಡಿಗಳ ದಾರಿ ತಪ್ಪಿಸಲು ಅಷ್ಟೇ ಸಾಕು. ಧ್ವನಿ ಇರುವವರೆಗೆ ಲೇಸರ್ ಹುಟ್ಟದೆ ಶಕ್ತಿ ಹರಳಿನಲ್ಲಿ ಕೂಡುತ್ತದೆ, ಧ್ವನಿ ನಿಂತೊಡನೆ ಒಮ್ಮೆಲೇ ಸ್ಫೋಟಿಸಿದಂತೆ ಹೊರಬರುತ್ತದೆ. ತಿರುವು ಅರೆಬರೆಯಾದರೆ ಶಕ್ತಿ ಮೊದಲೇ ಸೋರುತ್ತದೆ. ನಮ್ಮ ಸುಟ್ಟ ಗೆರೆ ಆ ಸೋರಿಕೆಯೇ ಆಗಿತ್ತು.

ಮೊದಲು ಟ್ರಾನ್ಸ್‌ಡ್ಯೂಸರನ್ನು ಕಂಪಿಸುವ ಆರ್‌ಎಫ್ ಡ್ರೈವರ್, ಕೇಬಲ್ ಮತ್ತು ಕನೆಕ್ಟರ್ ನೋಡಿದೆ, ಎಲ್ಲವೂ ಸರಿಯಿದ್ದವು. ಆಮೇಲೆ ನೆನಪಾಯಿತು: ಕ್ಯೂ-ಸ್ವಿಚ್ಚಿಗೆ ಹೋಗುವ, ಸುಣ್ಣಗಟ್ಟಿದ್ದ ತಂಪು ನೀರಿನ ಪೈಪನ್ನು ಬದಲಿಸುವಾಗ ನಾನೇ ಆ ಪೈಪನ್ನು ಜಗ್ಗಿದ್ದೆ. ಕಿರಣವು ಧ್ವನಿಯ ಪದರಗಳಿಗೆ ಸುಮಾರು 0.14 ಡಿಗ್ರಿ ಓರೆಯಾಗಿ ಬೀಳಬೇಕಾದಲ್ಲಿ, ಕೋನ ತಪ್ಪಲು ಅಂಥ ಒಂದು ಜಗ್ಗಾಟ ಸಾಕಾಗಿತ್ತು.

ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಶಾಶ್ವತವಾಗಿ ಕೆಡಿಸುತ್ತದೆ. ಆದ್ದರಿಂದ ಇಬ್ಬರೂ 1,064 ನ್ಯಾನೋಮೀಟರ್‌ಗೆಂದೇ ಇರುವ ಕನ್ನಡಕ ಧರಿಸಿ, ಕಿರಣವನ್ನು ಪವರ್ ಮೀಟರ್‌ಗೆ ಬಿಟ್ಟೆವು. ಧ್ವನಿಯನ್ನು ನಿರಂತರ ಚಾಲೂ ಇಟ್ಟು, ಮೀಟರ್ ಅಲುಗುವವರೆಗೆ ದೀಪದ ಕರೆಂಟನ್ನು ನಿಧಾನವಾಗಿ ಏರಿಸಿದೆ. 15 ಆಂಪಿಯರ್‌ಗೇ ಸೋರಿಕೆ ಶುರುವಾಯಿತು, ನಾವು ಕೆಲಸ ಮಾಡುವುದು 17ರಲ್ಲಿ. ಕ್ಯೂ-ಸ್ವಿಚ್ಚಿನ ಓರೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಕರೆಂಟ್ ಏರಿಸಿ ಸೋರಿಕೆ ಶುರುವಾಗುವ ಆಂಪಿಯರ್ ಅಂಕಿ ಬರೆದುಕೊಳ್ಳುವುದು, ಹೀಗೆ ಇಡೀ ಮಧ್ಯಾಹ್ನ ಕಳೆಯಿತು. ಅಂಕಿ 19 ದಾಟಿ, ಮುಂದೆ ತಿರುಗಿಸಿದರೆ ಇಳಿಯತೊಡಗಿದಾಗ ಹಿಂದಿರುಗಿ ಅಲ್ಲಿಯೇ ಬಿಗಿದೆ. ಸಂಜೆ ಹಾಕಿದ ಮೊದಲ ವಾಲ್ವಿನ ಮೇಲೆ ಅಕ್ಷರಗಳ ನಡುವಿನ ಉಕ್ಕು ಸ್ವಚ್ಛವಾಗಿತ್ತು. ಈಗ ನೀರಿನ ಪೈಪಿಗೆ ಪ್ರತ್ಯೇಕ ಕ್ಲಾಂಪ್ ಹಾಕಿದ್ದೇನೆ.