ಬೆಳ್ಳಿಯ ಪಂಜರದೊಳಗೆ ಋಣ ಅಯಾನನ್ನು ಕೂರಿಸುವುದು ಹೇಗೆ?

ಬೆಳ್ಳಿ ಪರಮಾಣುಗಳು ಗೂಡಿನಂತೆ ಕೂಡಿದ ಅಣುವೇ ಇಲ್ಲಿ ಪಂಜರ. ಋಣ ಅಯಾನೆಂದರೆ ಋಣಾವೇಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು. ಪಂಜರ ಕಟ್ಟಿದ ಮೇಲೆ ಅಯಾನನ್ನು ಒಳಗೆ ತಳ್ಳಲು ಬರುವುದಿಲ್ಲ. ಮೊದಲು ಅಯಾನು, ಆಮೇಲೆ ಪಂಜರ. ಋಣ ಅಯಾನಿನ ಸುತ್ತ ಧನಾವೇಶದ ಬೆಳ್ಳಿ ತಾನಾಗಿ ಮುತ್ತಿಕೊಳ್ಳುತ್ತದೆ. ಥಯೋಲೇಟ್ ಎಂಬ, ಗಂಧಕವಿರುವ ಸಾವಯವ ಗುಂಪುಗಳು ಹೊರಗಿನಿಂದ ಅದನ್ನು ಬಿಗಿಯುತ್ತವೆ. ಥಯೋಲೇಟ್ ಬದಲು ಆಲ್ಕೈನೈಲ್ ಗುಂಪುಗಳನ್ನು (ಎರಡು ಇಂಗಾಲಗಳ ನಡುವೆ ಮೂರು ಬಂಧವಿರುವವು) ಬಳಸಿ 2001ರಲ್ಲಿ ವರದಿಯಾದ ಪಂಜರವೊಂದರಲ್ಲಿ 14 ಬೆಳ್ಳಿ ಪರಮಾಣುಗಳ ನಡುವೆ ಒಂದೇ ಕ್ಲೋರೈಡ್ ಇತ್ತು.

ಹಾಗಾಗಿ ಅಯಾನಿನ ಆಯ್ಕೆಗೆ ಹೆಚ್ಚು ಸಮಯ ಕೊಡಿ. ಕ್ಲೋರೈಡ್ ದುಂಡಗಿದೆ, ಕಾರ್ಬೊನೇಟ್ ಚಪ್ಪಟೆ ತ್ರಿಕೋನ, ಸಲ್ಫೇಟ್ ಮತ್ತು ಕ್ರೋಮೇಟ್ ಚತುರ್ಮುಖಿಗಳು. ಬೆಳಕು ಬಿದ್ದಾಗ ಬೆಳ್ಳಿ-ಥಯೋಲೇಟ್ ಹೊರಕವಚದ ಎಲೆಕ್ಟ್ರಾನು ಒಳಗಿನ ಅಯಾನಿಗೆ ದಾಟಬೇಕಿದ್ದರೆ ಆಕಾರವಷ್ಟೇ ಸಾಲದು, ಅದನ್ನು ಬರಮಾಡಿಕೊಳ್ಳುವ ಖಾಲಿ ಕಕ್ಷಕವೂ (ಎಲೆಕ್ಟ್ರಾನು ನೆಲೆಸುವ ತಾಣ) ಅಯಾನಿನಲ್ಲಿರಬೇಕು. ಕ್ರೋಮೇಟ್, ಮಾಲಿಬ್ಡೇಟ್, ವನಾಡೇಟ್‌ಗಳಲ್ಲಿ ಅದಿದೆ. ಸಲ್ಫೇಟ್‌ನಲ್ಲಿ ಕಣ್ಣಿಗೆ ಕಾಣುವ ಬೆಳಕಿಗೆ ಎಟುಕುವಂಥದ್ದು ಇಲ್ಲ. ಬೆಳ್ಳಿ ಅಯಾನಿಗೆ ಬಣ್ಣವಿಲ್ಲ, ಕ್ರೋಮೇಟ್ ಹಳದಿ, ಆದರೆ ಇವೆರಡೂ ಕೂಡಿದ ಸಿಲ್ವರ್ ಕ್ರೋಮೇಟ್ ಇಟ್ಟಿಗೆಗೆಂಪು! ನೆರೆಯಲ್ಲಿ ಬೆಳ್ಳಿ ಇದ್ದಾಗ ಕಡಿಮೆ ಶಕ್ತಿಯ ಬೆಳಕೂ ಎಲೆಕ್ಟ್ರಾನನ್ನು ಕದಲಿಸಬಲ್ಲದು.

ಇನ್ನು ತಯಾರಿ. ಬೆಳ್ಳಿ ಥಯೋಲೇಟ್ ಪುಡಿ ಸುಲಭಕ್ಕೆ ಕರಗದು. ಸಿಲ್ವರ್ ಟ್ರೈಫ್ಲೋರೋಅಸಿಟೇಟ್‌ನಂಥ ಕರಗುವ ಲವಣದೊಂದಿಗೆ ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಕಲಕಿ. ಅಯಾನನ್ನು, ಇಲ್ಲಿ ಕ್ರೋಮೇಟನ್ನು, ತೀರಾ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಅವಸರಪಟ್ಟರೆ ಸಿಲ್ವರ್ ಕ್ರೋಮೇಟ್ ಗಸಿಯಾಗಿ ತಳ ಸೇರುತ್ತದೆ. ಸೋಸಿ ಕತ್ತಲಲ್ಲಿಡಿ, ದ್ರಾವಕ ನಿಧಾನವಾಗಿ ಆರಿದಂತೆ ಹರಳು ಮೂಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾರ್ಬೊನೇಟಾಗಿ ನಿಮ್ಮ ಅಯಾನಿನ ಜಾಗ ಹಿಡಿಯಬಹುದು, ಆದ್ದರಿಂದ ಎಕ್ಸ್-ಕಿರಣ ವಿವರ್ತನೆಯಿಂದ (ಹರಳಿನಲ್ಲಿ ಕಿರಣ ಚದುರುವ ಬಗೆಯಿಂದ ಪರಮಾಣುಗಳ ಜಾಗ ಗುರುತಿಸುವ ವಿಧಾನ) ಒಳಗಿರುವುದು ಯಾವುದೆಂದು ನೋಡದೆ ಮುಂದುವರಿಯಬೇಡಿ.

ಇದು ತರಬೇತಿ ಪಡೆದವರು ಪ್ರಯೋಗಾಲಯದಲ್ಲಷ್ಟೇ ಮಾಡುವ ಕೆಲಸ. ಕ್ರೋಮೇಟ್ ಕ್ಯಾನ್ಸರ್‌ಕಾರಕ. ಆಲ್ಕೈನೈಲ್ ಬಳಗಕ್ಕೇ ಸೇರಿದ ಸಿಲ್ವರ್ ಅಸಿಟಿಲೈಡ್ ಒಣಗಿದರೆ ಸಿಡಿಯುತ್ತದೆ. ಹೊಸಬರು ಆಲ್ಕೈನೈಲ್ ಮಾರ್ಗ ಬಿಟ್ಟು ಥಯೋಲೇಟ್ ಹಿಡಿಯುವುದೇ ಒಳ್ಳೆಯದು.

ಕೊನೆಗೆ ಬೆಳಕಿನ ಪರೀಕ್ಷೆ. ಬಣ್ಣ ನೋಡಿ ಎಲೆಕ್ಟ್ರಾನು ಒಳಕ್ಕೆ ದಾಟಿತು, ಅಂದರೆ ಆವೇಶ ವರ್ಗಾವಣೆಯಾಯಿತೆಂದು ಸಾರಿಬಿಡುವುದನ್ನು ನಾನು ಒಪ್ಪುವುದಿಲ್ಲ. ಸಾಧ್ಯವಾದರೆ ಅದೇ ಕವಚದೊಳಗೆ ಸಲ್ಫೇಟ್ ಇಟ್ಟು ಇನ್ನೊಂದು ಪಂಜರ ಮಾಡಿ, ಎರಡರ ಹೀರಿಕೆ ರೋಹಿತಗಳನ್ನು, ಅಂದರೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತವೆ ಎಂಬ ದಾಖಲೆಗಳನ್ನು, ಹೋಲಿಸಿ. ಎರಡರಲ್ಲೂ ಕಾಣುವ ಪಟ್ಟಿ ಬಹುಮಟ್ಟಿಗೆ ಕವಚದ್ದೇ. ಕ್ರೋಮೇಟ್ ಇದ್ದಾಗ ಮಾತ್ರ ಉದ್ದ ತರಂಗಾಂತರದಲ್ಲಿ ಮೂಡುವ ಪಟ್ಟಿಯನ್ನು ಬೆನ್ನುಹತ್ತಿ. ಫೆಮ್ಟೊಸೆಕೆಂಡ್ (ಸೆಕೆಂಡಿನ ಅತಿ ಸಣ್ಣ ಪಾಲು) ಲೇಸರ್ ಮಿಡಿತ ಹಾಯಿಸಿದರೆ ಎಲೆಕ್ಟ್ರಾನು ಒಳಹೊಕ್ಕು ಹಿಂದಿರುಗುವ ಹೊತ್ತನ್ನು ಅಳೆಯಬಹುದು. ಅಳತೆಯ ನಂತರ ರೋಹಿತವನ್ನು ಮತ್ತೊಮ್ಮೆ ತೆಗೆಯಿರಿ. ದ್ರಾವಣ ಕಪ್ಪಿಟ್ಟಿದ್ದರೆ ಬೆಳಕಿಗೆ ಬೆಳ್ಳಿ ಲೋಹವಾಗಿ ಪಂಜರ ಮುರಿದಿರುವ ಸಂಭವ ಹೆಚ್ಚು. ಆ ಅಂಕಿಗಳನ್ನು ಬಿಟ್ಟು ಹೊಸ ಮಾದರಿ ತೆಗೆದುಕೊಳ್ಳಿ.