ತಲಕಾವೇರಿ: ಮೊದಲು ಸಂಗಮ, ಆಮೇಲೆ ಬೆಟ್ಟ

ಕೊಡಗಿನಲ್ಲಿ ಕಾವೇರಿ ಹುಟ್ಟುವ ತಲಕಾವೇರಿಯ ಮೆಟ್ಟಿಲ ಮೇಲೆ ನಿಂತು ‘ನದಿ ಎಲ್ಲಿದೆ?’ ಎಂದು ಕೇಳಿ, ಹತ್ತೇ ನಿಮಿಷಕ್ಕೆ ಹಿಂದಿರುಗುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಜಲಪಾತವಿಲ್ಲ, ಹರಿಯುವ ತೊರೆಯೂ ಕಾಣುವುದಿಲ್ಲ. ಆದ್ದರಿಂದ ಹೋಗುವ ಕ್ರಮ ಮುಖ್ಯ.

ಕೊಡಗಿಗೆ ರೈಲಿಲ್ಲ. ದೂರದವರು ಮೈಸೂರು ಅಥವಾ ಮಂಗಳೂರಿನಲ್ಲಿ ಇಳಿದು ಬಸ್ಸಿನಲ್ಲಿ ಮಡಿಕೇರಿಗೆ ಬಂದು ಉಳಿಯಿರಿ. ಮರುದಿನ ಬೆಳಿಗ್ಗೆ ಬೇಗ ಹೊರಟು, ಬೆಟ್ಟಗೇರಿ, ಚೇರಂಬಾಣೆ ಮಾರ್ಗವಾಗಿ ಸುಮಾರು 40 ಕಿ.ಮೀ. ಸಾಗಿದರೆ ಭಾಗಮಂಡಲ. ದಾರಿಯುದ್ದಕ್ಕೂ ತಿರುವುಗಳಿವೆ, ವಾಂತಿಯಾಗುವವರು ಹಗುರವಾಗಿ ತಿಂದು ಹೊರಡಲಿ.

ಭಾಗಮಂಡಲದಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಕಾವೇರಿ ಮತ್ತು ಕನ್ನಿಕೆ ಇಲ್ಲಿ ಕಣ್ಣೆದುರೇ ಕೂಡುತ್ತವೆ. ಮೂರನೆಯವಳಾದ ಸುಜ್ಯೋತಿ ಗುಪ್ತಗಾಮಿನಿ ಎಂಬುದು ನಂಬಿಕೆ. ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು ಬೆಟ್ಟ ಏರುವುದು ಹಿರಿಯರಿಂದ ಬಂದ ರೂಢಿ. ನೀರಿಗಿಳಿಯದಿದ್ದರೂ ಕೈಯನ್ನಾದರೂ ಅದ್ದಿ, ಆ ತಂಪು ನೆನಪಿರಲಿ. ಕೇರಳ ಶೈಲಿಯ ದೇಗುಲದ ಮರದ ಕೆತ್ತನೆಗಳನ್ನು ನಿಧಾನವಾಗಿ ನೋಡಿ.

ಅಲ್ಲಿಂದ ತಲಕಾವೇರಿಗೆ 8 ಕಿ.ಮೀ. ಏರುದಾರಿ. ಬ್ರಹ್ಮಗಿರಿಯ ಈ ತಾಣ ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿದೆ. ಗಾಳಿ ಚುರುಕಾಗಿರುತ್ತದೆ, ಬೆಚ್ಚನೆಯ ಬಟ್ಟೆ ಬೇಕು. ಮೈ ಮುಚ್ಚುವ, ದೇವಸ್ಥಾನಕ್ಕೆ ಒಪ್ಪುವ ಉಡುಗೆಯಲ್ಲೇ ಹೋಗಿ. ಒಳಗೆ ದೊಡ್ಡ ಕೊಳವೊಂದು, ಅದರ ಪಕ್ಕದಲ್ಲಿ ಕಾವೇರಿಯ ಮೂಲವೆಂದು ಪೂಜಿಸುವ ಪುಟ್ಟ ಬ್ರಹ್ಮಕುಂಡಿಕೆ. ಸ್ನಾನ ಕೊಳದಲ್ಲಿ, ಕುಂಡಿಕೆಗೆ ಇಳಿಯುವಂತಿಲ್ಲ. ಇಲ್ಲಿಯ ನೀರು ನೆಲದೊಳಗೆ ಇಳಿದು, ಕೆಳಗೆಲ್ಲೋ ಹೊಳೆಯಾಗಿ ಹೊರಬೀಳುತ್ತದೆ ಎನ್ನುತ್ತಾರೆ. ಮಕ್ಕಳು ಜೊತೆಗಿದ್ದರೆ ಇಲ್ಲೇ ಹೇಳಿ: ಬೆಳಿಗ್ಗೆ ನೀನು ಕೈ ಅದ್ದಿದ್ದು ಇದೇ ಕಾವೇರಿಯಲ್ಲಿ, ಪೂಂಪುಹಾರಿನಲ್ಲಿ ಕಡಲು ಸೇರಲು ಅವಳು ಸುಮಾರು 800 ಕಿ.ಮೀ. ನಡೆಯಬೇಕು. ನನ್ನ ಮಟ್ಟಿಗೆ ಇಡೀ ಪ್ರಯಾಣದ ಘನವಾದ ಗಳಿಗೆ ಇದು.

ಯಾವಾಗ ಹೋಗಬೇಕು? ತೀರ್ಥೋದ್ಭವ, ಅಂದರೆ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ನೋಡುವ ಆಸೆಯಿದ್ದರೆ ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣಕ್ಕೆ ಬನ್ನಿ. ಮುಹೂರ್ತ ವರ್ಷವರ್ಷವೂ ಬೇರೆ, ಕೆಲವೊಮ್ಮೆ ನಡುರಾತ್ರಿ, ಮೊದಲೇ ಕೇಳಿಕೊಳ್ಳಿ. ಆ ದಿನ ಜನಸಾಗರ, ವಾಹನಗಳಿಗೆ ನಿರ್ಬಂಧ, ಕಾಯುವಿಕೆ ಎಲ್ಲವೂ ಇರುತ್ತದೆ. ಕೊಡವರು ಅಂದು ಒಯ್ಯುವ ತೀರ್ಥವನ್ನು ವರ್ಷವಿಡೀ ಮನೆಯಲ್ಲಿ ಕಾಪಿಡುತ್ತಾರೆ. ನೀವು ತುಂಬಿಕೊಳ್ಳುವುದಾದರೆ ಮನೆಯಿಂದಲೇ ಚಿಕ್ಕ ತಾಮ್ರದ ಪಾತ್ರೆ ತನ್ನಿ. ಪ್ಲಾಸ್ಟಿಕ್ ಬಾಟಲಿಯನ್ನು ಬೆಟ್ಟದಲ್ಲಿ ಬಿಟ್ಟು ಬರಬೇಡಿ.

ಜೋರು ಮಳೆಯ ತಿಂಗಳುಗಳಲ್ಲಿ ಬರಲೇಬೇಡಿ. 2020ರ ಆಗಸ್ಟ್‌ನಲ್ಲಿ ಇದೇ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು; ಒಳಗಿದ್ದವರು ಉಳಿಯಲಿಲ್ಲ. ಇಲ್ಲಿ ಹುಟ್ಟಿ ಬೆಳೆದವರೂ ಆ ದಿನಗಳಲ್ಲಿ ಬೆಟ್ಟದ ಕಡೆ ಸುಳಿಯಲು ಹಿಂಜರಿಯುತ್ತಾರೆ.

ಉಳಿದ ದಿನಗಳಲ್ಲೂ ಸಂಜೆಯ ಮಂಜು ಇಳಿಯುವ ಮುನ್ನ ಬೆಟ್ಟ ಬಿಡಿ. ಬೆಳಕು ಉಳಿದಿದ್ದರೆ ಸಂಗಮದ ಬಳಿ ಇನ್ನೊಮ್ಮೆ ಗಾಡಿ ನಿಲ್ಲಿಸಿ.