ಮಾಸ್ಟರ್‌ಮೈಂಡ್: ಮೊದಲ ಊಹೆ ಹೇಗಿರಬೇಕು?

ಮರೆಯಲ್ಲಿಟ್ಟ ಬಣ್ಣಗಳನ್ನು ಊಹಿಸುವ ಆಟ ಮಾಸ್ಟರ್‌ಮೈಂಡ್‌ನ 1970ರ ದಶಕದ ಪೆಟ್ಟಿಗೆ ಕೈಗೆ ಸಿಕ್ಕಿತೇ? ಮೊದಲು ಗೂಟ ಎಣಿಸಿಕೊಳ್ಳಿ. ನಮ್ಮದರಲ್ಲಿ ಎರಡು ಹಳದಿ ಎಂದೋ ಕಾಣೆಯಾಗಿವೆ.

ಒಬ್ಬರು ಆರು ಬಣ್ಣಗಳಲ್ಲಿ ನಾಲ್ಕು ಗೂಟಗಳನ್ನು ಮರೆಯಲ್ಲಿ ನೆಡುತ್ತಾರೆ, ಒಂದೇ ಬಣ್ಣ ಮತ್ತೆ ಬರಬಹುದು. ಇನ್ನೊಬ್ಬರು ಊಹಿಸುತ್ತಾರೆ. ಬಣ್ಣವೂ ಜಾಗವೂ ಸರಿಯಿದ್ದರೆ ಚಿಕ್ಕ ಕಪ್ಪು ಗೂಟ, ಬಣ್ಣ ಮಾತ್ರ ಸರಿಯಿದ್ದರೆ ಬಿಳಿ.

ಜಗಳ ಹುಟ್ಟುವುದೆಲ್ಲ ಉತ್ತರ ಕೊಡುವಲ್ಲೇ. ಗುಟ್ಟು ‘ಹಸಿರು, ಕೆಂಪು, ಹಳದಿ, ಹಳದಿ’. ಊಹೆ ‘ಕೆಂಪು, ಕೆಂಪು, ನೀಲಿ, ನೀಲಿ’ ಅನ್ನಿ. ಸಿಗುವುದು ಒಂದೇ ಕಪ್ಪು. ಮೊದಲ ಕೆಂಪಿಗೆ ಬಿಳಿ ಕೊಡುವಂತಿಲ್ಲ, ಗುಟ್ಟಿನಲ್ಲಿದ್ದ ಒಂದೇ ಕೆಂಪಿನ ಲೆಕ್ಕ ಆಗಲೇ ಮುಗಿಯಿತಲ್ಲ. ನನ್ನ ತಂಗಿ ಹೀಗೆ ಬಿಳಿ ಕೊಟ್ಟು ನನ್ನನ್ನು ಅರ್ಧ ಗಂಟೆ ಅಲೆಸಿದ್ದಾಳೆ!

ಶುರುವಿಗೆ ನಾನು ನಾಲ್ಕೂ ಬೇರೆ ಬಣ್ಣ ಇಡುತ್ತಿದ್ದೆ. ಈಗ ಎರಡೇ ಬಣ್ಣ, ಎರಡೆರಡು ಗೂಟ. 1977ರಲ್ಲಿ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ತೋರಿಸಿದ ದಾರಿಯೂ ಹೀಗೇ ಶುರುವಾಗುತ್ತದೆ: 1,296 ಸಾಧ್ಯತೆಗಳಿದ್ದರೂ ಐದು ಊಹೆಯೊಳಗೆ ಗುಟ್ಟು ರಟ್ಟು. ನನಗೆ ಸಾಮಾನ್ಯವಾಗಿ ಆರು ಬೇಕು. ಹೊಸ ಊಹೆ ಹಿಂದಿನ ಉತ್ತರಗಳಿಗೆಲ್ಲ ಹೊಂದುತ್ತದೆಯೇ ಎಂದು ಸಾಲು ಸಾಲಾಗಿ ತಾಳೆ ನೋಡಿ, ಆಮೇಲಷ್ಟೇ ಗೂಟ ನೆಡಿ.